ಮೇಡಂದು ಒಂಚೂರು ಮಾಡಪ್ಪ

ಯಾವ ತರಬೇತಿಗೆ ಹೋದರೂ ಮಧ್ಯಾಹ್ನದ ಊಟದ ಸಾಲಿನಲ್ಲಿ ಹಿಂದೆ ನಿಂತವರು ಯಾರಾದರೂ ನನ್ನ ಹೆಗಲ ಮೇಲೆ ಕೈ ಹಾಕಿ, "ಮೇಡಂದು ಒಂಚೂರು ಮಾಡಪ್ಪ" ಅನ್ನುತ್ತಾರೆ. ಗೌರಿಬಿದನೂರಿನವರು ಅನ್ನುತ್ತಾರೆ, ಚಿಂತಾಮಣಿಯವರೂ ಅನ್ನುತ್ತಾರೆ. ಮೇಡಂ ಅವರನ್ನು ಒಂದು ದಿನವೂ ಕಣ್ಣಾರೆ ಕಾಣದವರೂ ಅನ್ನುತ್ತಾರೆ. ಅವರ ಫೋನುಗಳಲ್ಲಿ ಒಂದು ಸಣ್ಣ ವಿಡಿಯೊ ಇದೆ. ಅದರಲ್ಲಿ ಕಾಣುವವನು ನಾನು. ಅವರು ನೋಡಿ ನಗುವುದು ಮೇಡಂ ಅವರನ್ನು.

ಗಂಟಲು ಸರಿಯಿಲ್ಲ ಅಂತ ತಪ್ಪಿಸಿಕೊಳ್ಳುತ್ತೇನೆ. ವರ್ಷವೆಲ್ಲಾ ಗಂಟಲು ಕೆಟ್ಟಿರುವ ಇಂಗ್ಲಿಷ್ ಮೇಷ್ಟ್ರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇವನಿಗೆ ಈಗ ಸೊಕ್ಕು ಬಂದಿದೆ ಅಂತ ಮಾತಾಡಿಕೊಳ್ಳುತ್ತಾರೆಂದು ಕೇಳಿದ್ದೇನೆ. ಸೊಕ್ಕು ಅಂದುಕೊಂಡರೆ ನನಗೆ ಅನುಕೂಲವೇ.

ಮೇಡಂ ನಿವೃತ್ತರಾಗಿ ಚಿಕ್ಕಬಳ್ಳಾಪುರದ ಮನೆಯಲ್ಲಿದ್ದಾರೆ. ಜೀವಮಾನವಿಡೀ ಪಾಠ ಮಾಡಿದವರ ಬಗ್ಗೆ ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕಿನ ಹೊಸ ಮೇಷ್ಟ್ರುಗಳಿಗೆ ಗೊತ್ತಿರುವುದು ಆ ವಿಡಿಯೊ ಒಂದೇ. ಅದು ನನ್ನಿಂದ ಆದ ಕೆಲಸ. ಅದಕ್ಕೇ ಅದರಲ್ಲಿ ಇಲ್ಲದ ಅವರನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಓದುವವರು ಮೊದಲು ಮಾಡುವ ಕೆಲಸ ಆ ವಿಡಿಯೊ ಹುಡುಕುವುದು.

ನಾನು ಎಂಥ ಗಿರಾಕಿ ಅಂತ ಮೊದಲೇ ಹೇಳಿಬಿಡಬೇಕು. ಊರು ತೊಂಡೇಬಾವಿ. ರೈಲಿನಲ್ಲಿ ಕಡಲೆಕಾಯಿ ಮಾರುವವನಿಂದ ಹಿಡಿದು ಟಿಕೆಟ್ ಕೊಡುವ ಕಿಟಕಿಯೊಳಗಿನ ಯಜಮಾನರವರೆಗೆ ಎಲ್ಲರ ದನಿ ತೆಗೆಯುತ್ತಲೇ ಬೆಳೆದವನು. ತೀರಿಹೋದ ತಾತನ ಕೆಮ್ಮು ಕೇಳಬೇಕು ಅನ್ನಿಸಿದಾಗ ನಮ್ಮಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮೈ ಬಡಕಲು, ಕಿವಿ ದೊಡ್ಡವು. ಕನ್ನಡಿ ಮುಂದೆ ನಿಂತರೆ ನನ್ನನ್ನು ನಾನೇ ಅಣಕಿಸಬೇಕು ಅನ್ನಿಸುವಂಥ ಮುಖ. ಇಂಥವನಿಗೆ ಸರ್ಕಾರ ಇಂಗ್ಲಿಷ್ ಮೇಷ್ಟ್ರ ಕೆಲಸ ಕೊಟ್ಟು, ಪೆರೇಸಂದ್ರದಿಂದ ಒಳಗಿರುವ ಒಂದು ಹೈಸ್ಕೂಲಿಗೆ ಕಳಿಸಿತು. ಮಕ್ಕಳು ಜಾಸ್ತಿ ಇದ್ದ ಶಾಲೆಯಾದ್ದರಿಂದ ಇಂಗ್ಲಿಷಿಗೆ ಇಬ್ಬರು. ಇನ್ನೊಬ್ಬರು ಮೇಡಂ.

ಮೊದಲ ದಿನ ಸ್ಟಾಫ್ ರೂಮಿನಲ್ಲಿ ಅವರು ಗಣಿತದ ಮೇಷ್ಟ್ರ ಡಬ್ಬಿಯಿಂದ ಹೇಳದೆ ಕೇಳದೆ ಅವರೆಕಾಳು ಉಪ್ಪಿಟ್ಟು ತೆಗೆದು ತಿನ್ನುತ್ತಿದ್ದರು. ಕುಳ್ಳನೆಯ ಹೆಂಗಸು, ಗಂಜಿ ಹಾಕಿದ ಕಾಟನ್ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಿ.ಎಡ್.ನಲ್ಲಿ ಬೋಧನಾ ಕೌಶಲ ಏನೇನು ಕಲಿಸಿದ್ರಪ್ಪ?"

ನಾನು ನಮ್ಮ ಕಾಲೇಜಿನ ಮೇಷ್ಟ್ರ ದನಿಯಲ್ಲೇ, ಅವರ ಹಾಗೆಯೇ ಪ್ರತಿ ಪದಕ್ಕೂ ಹಿಮ್ಮಡಿ ಎತ್ತಿ ಇಳಿಸುತ್ತಾ ಒಪ್ಪಿಸಿದೆ. ಪ್ರಶ್ನೆ ಕೇಳುವ ಕೌಶಲ. ವಿವರಿಸುವ ಕೌಶಲ. ಕಪ್ಪುಹಲಗೆ ಬಳಸುವ ಕೌಶಲ. ಮೇಡಂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅದ್ರಲ್ಲಿ ಸುಮ್ನಿರೋ ಕೌಶಲ ಇದ್ಯಾ?"

"ಇಲ್ಲ ಮೇಡಂ."

"ಹಂಗಾದ್ರೆ ಸ್ವಲ್ಪ ದಿನ ನನ್ನ ಕ್ಲಾಸಲ್ಲಿ ಬಂದು ಕೂತ್ಕೋ. ನಿನ್ನ ಬಾಯಿಗೂ ರೆಸ್ಟು."

ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಕಲಿಯಲು ಹೋದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗೆ ಹೊಸ ಸರಕು ಬೇಕಿತ್ತು. ಹೆಡ್‌ಮಾಷ್ಟ್ರು, ಗಣಿತದವರು, ಬಿಸಿಯೂಟದ ಅಕ್ಕ ಎಲ್ಲರೂ ಬೇಗ ಸಿಕ್ಕಿಬಿಟ್ಟಿದ್ದರು. ಮೇಡಂ ಒಬ್ಬರು ಬಾಕಿ.

ಅಣಕಿಸುವವನ ಕಣ್ಣು ಕಳ್ಳನ ಕಣ್ಣಿದ್ದ ಹಾಗೆ, ಯಾವ ಕಿಟಕಿಗೆ ಚಿಲಕ ಸಡಿಲ ಅಂತ ಮೊದಲು ನೋಡುತ್ತದೆ. ನಾನು ಹಾಗೆಯೇ ನೋಡಿದೆ. ಮೇಡಂ ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುತ್ತಿದ್ದರು. ದೇವಸ್ಥಾನವೇನೋ ಅನ್ನುವ ಭಕ್ತಿ ಇರಬೇಕು ಅಂದುಕೊಂಡು ಒಳಗೇ ನಕ್ಕೆ. ಆಮೇಲೆ ತಿಳಿಯಿತು. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿ ಅನ್ನುತ್ತಿದ್ದರು. ಚಪ್ಪಲಿ ಸದ್ದು ಹತ್ತಿರ ಬಂದರೆ ಮಾತಾಡುತ್ತಿದ್ದವರು ಬಾಯಿ ಮುಚ್ಚಿಬಿಡುತ್ತಾರೆ. ಬರಿಗಾಲಲ್ಲಿ ಹೋದರೆ ಬೆನ್ನ ಹಿಂದೆ ನಿಂತರೂ ಗೊತ್ತಾಗುವುದಿಲ್ಲ.

"ಅವರು ತಪ್ಪು ಮಾತಾಡೋದು ನಂಗೆ ಕೇಳ್ಬೇಕು ಕಣಪ್ಪ. ನಾನು ಬಂದೆ ಅಂತ ಗೊತ್ತಾದ್ರೆ ಸರಿಯಾಗಿ ಸುಮ್ನಾಗ್ತಾರೆ" ಅಂದರು.

ಎರಡನೆಯದು ಅವರ ಬೆನ್ನು. ಪ್ರಶ್ನೆ ಕೇಳಿದ ಮೇಲೆ ಮೇಡಂ ಪಕ್ಕನೆ ಮಕ್ಕಳಿಗೆ ಬೆನ್ನು ತಿರುಗಿಸಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ಬೋರ್ಡನ್ನೇ ನೋಡುತ್ತಾ ನಿಂತುಬಿಡುತ್ತಿದ್ದರು. ಬೋರ್ಡಿನ ಮೇಲೆ ಏನೂ ಇರುತ್ತಿರಲಿಲ್ಲ. ಇಡೀ ತರಗತಿ ಅವರ ಜಡೆ ನೋಡುತ್ತಾ ಕೂರಬೇಕು. ಫ್ಯಾನಿನ ಸದ್ದು, ಹೊರಗೆ ಹೆದ್ದಾರಿ ಕಡೆಯಿಂದ ಲಾರಿ ಸದ್ದು. ನನ್ನಂಥವನಿಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. ಒಂದು ಸಲ ಹಿಂದಿನ ಬೆಂಚಿನಿಂದ ನಾನೇ ಉತ್ತರ ಹೇಳಿಬಿಟ್ಟೆ. ಮಕ್ಕಳೆಲ್ಲ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಮೇಡಂ ಹೇಳಿದರು, "ನನ್ನ ಮುಖ ಕಾಣ್ತಿದ್ರೆ ಮಕ್ಕಳು ಮುಖದಲ್ಲಿ ಉತ್ತರ ಹುಡುಕ್ತಾರೆ. ಹುಬ್ಬು ಏರಿಸಿದ್ರೆ ಮಾತು ಬದಲಾಯಿಸ್ತಾರೆ. ಬೆನ್ನಲ್ಲಿ ಏನು ಹುಡುಕ್ತಾರೆ? ಕೊನೆಗೆ ತಮ್ಮ ತಲೇಲೇ ಹುಡುಕ್ಬೇಕು."

ಮೂರನೆಯದು ಬಾಯಿ. ಆ ವಿಡಿಯೊದಲ್ಲಿ ಜನ ಉರುಳಾಡಿ ನಗುವುದು ಇದಕ್ಕೇ.

ಒಂದು ದಿನ ಮೇಡಂ, "ಬರೋ ದಾರೀಲಿ ಏನು ನೋಡಿದ್ರಿ?" ಅನ್ನುವುದನ್ನು ಇಂಗ್ಲಿಷಿನಲ್ಲಿ ಕೇಳಿ ಬೆನ್ನು ತಿರುಗಿಸಿದರು. ಮಕ್ಕಳಲ್ಲಿ ಅರ್ಧಕ್ಕರ್ಧ ತೆಲುಗು ಮನೆಯವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಈ ಮೂರನೆಯದು. ಬಹಳ ಹೊತ್ತಿನ ಮೇಲೆ, ಆ ವರ್ಷವೆಲ್ಲ ಬಾಯಿ ಬಿಟ್ಟಿರದ ಹುಡುಗನೊಬ್ಬ, "ಟ್ರ್ಯಾಕ್ಟರ್. ಗ್ರೇಪ್ಸ್. ಆಲ್ ರೋಡ್ ಗ್ರೇಪ್ಸ್" ಅಂದ.

ಮೇಡಂ ತಿರುಗಿದರು. ಕಣ್ಣು ಮುಚ್ಚಿದರು. ಸಾರಿನ ರುಚಿ ನೋಡುವವರ ಹಾಗೆ ತುಟಿ ಸೇರಿಸಿ, ನಾಲಿಗೆ ಒಳಗೇ ಆಡಿಸಿ, ಚಪ್ಪರಿಸಿದರು. ತಲೆ ಸ್ವಲ್ಪ ವಾಲಿಸಿದರು.

"ಉಪ್ಪು ಕೊಂಚೆಂ ತಕ್ಕುವ ರಾ" ಅಂದರು, ಅವನ ಮನೆಯ ತೆಲುಗಿನಲ್ಲೇ. ತಪ್ಪು ಅನ್ನಲಿಲ್ಲ. ಉಪ್ಪು ಸ್ವಲ್ಪ ಕಡಿಮೆ, ಅಷ್ಟೇ.

ಉಪ್ಪು ಕಡಿಮೆಯಾದರೆ ಯಾರು ಬೇಕಾದರೂ ಹಾಕಬಹುದು. ಹಿಂದಿನಿಂದ ಒಬ್ಬಳು ಒಂದು ಪದ ಹಾಕಿದಳು, ಪಕ್ಕದವನು ಇನ್ನೊಂದು ಹಾಕಿದ. ಮೇಡಂ ಪ್ರತಿಸಲವೂ ಕಣ್ಣು ಮುಚ್ಚಿ ಚಪ್ಪರಿಸಿದರು. ಕೊನೆಗೆ ಆ ಹುಡುಗನೇ ಎದ್ದು, ದ್ರಾಕ್ಷಿ ಟ್ರ್ಯಾಕ್ಟರಿನಿಂದ ರಸ್ತೆಗೆಲ್ಲ ಬೀಳುತ್ತಿದ್ದವು, ನಾನು ಒಂದು ಗೊಂಚಲು ಎತ್ತಿಕೊಂಡೆ ಅಂತ ಇಂಗ್ಲಿಷಿನಲ್ಲಿ ಪೂರ್ತಿ ಹೇಳಿದ. ಮೇಡಂ ಭೇಷ್ ಅನ್ನಲಿಲ್ಲ. ಹೊಗಳಿಕೆಯಲ್ಲಿ ಅವರು ಜಿಪುಣಿ. ಅಂಗೈ ಚಾಚಿ, "ಇನ್ನೊಂದು ಸೌಟು ಹಾಕು" ಅಂದರು. ಹುಡುಗ ಅದೇ ವಾಕ್ಯವನ್ನು ಮತ್ತೆ ಹೇಳಿದ. ಮತ್ತೆ ಕೇಳಿದರು, ಮತ್ತೆ ಬಡಿಸಿದ. ನಮ್ಮ ಬಿ.ಎಡ್. ಪುಸ್ತಕದಲ್ಲಿ ಇದನ್ನು ಪುನರಾವರ್ತನೆ ಅಂತ ಕರೆದು ಅರ್ಧ ಪುಟ ಬರೆದಿದ್ದಾರೆ. ಅದನ್ನು ಓದಿದ ಯಾವನೂ ಇನ್ನೊಂದು ಸೌಟು ಕೇಳಿರಲಾರ.

ಅವರನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ಬೋರ್ಡಿನ ಮೇಲೆ ಅವರ ಸಾಲುಗಳು ನಂದಿ ಬೆಟ್ಟ ಇಳಿಯುವ ರಸ್ತೆಯ ಹಾಗೆ ಕೆಳಗೆ ಜಾರುತ್ತಿದ್ದವು. ಪಾಠಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತಿರಲಿಲ್ಲ, ಹೆಡ್‌ಮಾಷ್ಟ್ರು ಪ್ರತಿ ಸಭೆಯಲ್ಲೂ ಗೊಣಗುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಕಾಲೇಜು ಹುಡುಗಿಯರ ಜತೆ ಜಗಳ ಆಡುತ್ತಿದ್ದರು. ಸ್ಮಾರ್ಟ್ ಕ್ಲಾಸಿನ ಪರದೆಗೆ ಒಂದು ಹಳೆಯ ದುಪ್ಪಟಿ ಹೊದಿಸಿ, "ಪಾಪ, ಅದಕ್ಕೂ ನಿದ್ದೆ ಬರುತ್ತೆ" ಅನ್ನುತ್ತಿದ್ದರು.

ನನ್ನ ಅಣಕ ಅಂದರೆ ಅವರಿಗೆ ಪ್ರಾಣ. ತಲೆನೋವು ಬಂದರೆ ಮಾತ್ರೆ ನುಂಗುವ ಮೊದಲು, "ಹೆಡ್‌ಮಾಷ್ಟ್ರದು ಮಾಡಪ್ಪ" ಅನ್ನುತ್ತಿದ್ದರು. ಮಾಡಿ ಮುಗಿಸಿದ ಮೇಲೆ ಒಂದೇ ಮಾತು, "ನನ್ನದು ಯಾವಾಗ ಮಾಡ್ತೀಯ?"

"ಇನ್ನೂ ಸಿಕ್ಕಿಲ್ಲ ಮೇಡಂ."

"ನಾನು ಅಷ್ಟು ಸಪ್ಪೆನಾ?"

"ರಿಟೈರ್ ಆಗೋದ್ರೊಳಗೆ ಮಾಡ್ತೀನಿ ಬಿಡಿ."

ನಿಜಕ್ಕೂ ಸಿಕ್ಕಿರಲಿಲ್ಲ. ರೂಮಿನಲ್ಲಿ ಕನ್ನಡಿ ಮುಂದೆ ಎಷ್ಟೋ ಸಲ ಪ್ರಯತ್ನಪಟ್ಟಿದ್ದೆ. ಬೆನ್ನು ತಿರುಗಿಸಿದರೆ ಕನ್ನಡಿಯೇ ಕಾಣುತ್ತಿರಲಿಲ್ಲ. ಬಾಯಿ ಚಪ್ಪರಿಸಿದರೆ ಹಸಿವಾದವನ ಹಾಗೆ ಕಾಣುತ್ತಿದ್ದೆ. ಬೇರೆಯವರದನ್ನು ಮಾಡಿದಾಗ ಒಳಗೆ ಒಂದು ಕಚಗುಳಿ ಏಳುತ್ತದಲ್ಲ, ಅದು ಏಳುತ್ತಲೇ ಇರಲಿಲ್ಲ. ಕೈಬಿಟ್ಟೆ. ಅಷ್ಟು ಹೊತ್ತಿಗೆ ಎಂಟು ಮತ್ತು ಒಂಬತ್ತನೇ ತರಗತಿಗಳು ನನ್ನ ಪಾಲಿಗೆ ಬಂದಿದ್ದವು. ಪಾಠ ಚೆನ್ನಾಗಿಯೇ ನಡೆಯುತ್ತಿತ್ತು, ಮಕ್ಕಳು ಮಾತಾಡುತ್ತಿದ್ದರು. ನನಗೆ ಪಾಠ ಮಾಡಲು ಬರುತ್ತದೆ ಅಂತ ಒಳಗೊಳಗೇ ಉಬ್ಬಿದ್ದೆ. ಹೇಗೆ ಬರುತ್ತಿದೆ ಅಂತ ಒಂದು ಗಳಿಗೆ ಯೋಚಿಸಿರಲಿಲ್ಲ.

ಮೇಡಂ ನಿವೃತ್ತಿಗೆ ಕೆಲವು ವಾರ ಇದ್ದಾಗ ಚಿಕ್ಕಬಳ್ಳಾಪುರದಲ್ಲಿ ಇಂಗ್ಲಿಷ್ ಮೇಷ್ಟ್ರುಗಳಿಗೆ ಒಂದು ತರಬೇತಿ ಆಯಿತು. ನಾಲ್ಕೂ ತಾಲ್ಲೂಕಿನವರು ಬಂದಿದ್ದರು. ನಾವಿಬ್ಬರೂ ಹೋದೆವು. ಮೊದಲ ದಿನ ಊಟದ ಹೊತ್ತಿಗೆ ನಾನು ತರಬೇತಿ ಕೊಡಲು ಬಂದಿದ್ದ ಸಂಪನ್ಮೂಲ ವ್ಯಕ್ತಿಯನ್ನು ಅಣಕಿಸಿ ಮುಗಿಸಿದ್ದೆ. ಆ ಮನುಷ್ಯ ಪ್ರತಿ ವಾಕ್ಯದ ಕೊನೆಗೆ "ಅಲ್ವಾ" ಅಂದು, ಯಾರೂ ಹೌದು ಅನ್ನದಿದ್ದರೆ ತಾನೇ "ಹೌದು" ಅನ್ನುತ್ತಿದ್ದರು. ನನ್ನ ಅಣಕ ಅವರ ಕಿವಿಗೂ ಬಿತ್ತು.

ಸಂಜೆ ಅವರು, ನಾಳೆ ಮಾದರಿ ಪಾಠ, ಪಕ್ಕದ ಶಾಲೆಯಿಂದ ಒಂಬತ್ತನೇ ತರಗತಿ ಮಕ್ಕಳನ್ನು ಕರೆಸುತ್ತೇವೆ, ಪಾಠ ಯಾರು ಮಾಡುತ್ತೀರಿ ಅಂದರು. ಹಿಂದಿನ ಸಾಲಿನಿಂದ ತಮಾಷೆಗೆ ನನ್ನ ಹೆಸರು ಕೂಗಿದರು.

"ಬೇಡ. ಅವರು ಮಿಮಿಕ್ರಿ ಮಾಡ್ತಾರೆ. ಇದು ಗಂಭೀರವಾದ ವಿಷಯ, ಅಲ್ವಾ?"

ಮೇಡಂ ಎದ್ದು ನಿಂತರು. ಅವರು ಸಭೆಗಳಲ್ಲಿ ಎದ್ದು ಮಾತಾಡುವವರೇ ಅಲ್ಲ.

"ಸಾರ್, ಊಟದ ಹೊತ್ತಲ್ಲಿ ಅವನು ಏನೇ ಮಾಡ್ಲಿ. ಮಕ್ಕಳ ಮುಂದೆ ತಮಾಷೆ ಮಾಡೋ ಹುಡುಗ ಅಲ್ಲ. ಒಳ್ಳೆ ಮೇಷ್ಟ್ರು. ಅದಕ್ಕೆ ನಾನು ಜವಾಬ್ದಾರಿ."

ನಾನು ಒಳ್ಳೆ ಮೇಷ್ಟ್ರು ಅಂತ ಯಾರಾದರೂ ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಎಲ್ಲರೂ ಹೇಳಿದ್ದು ಒಳ್ಳೆ ಕಲಾವಿದ ಅಂತ. ಅವತ್ತು ರೂಮಿಗೆ ಹೋದವನು ಪಾಠವನ್ನು ಬಾಯಿಪಾಠವಾಗುವಷ್ಟು ತಯಾರಿ ಮಾಡಿದೆ. ಯಾರ ದನಿಯನ್ನೂ ತೆಗೆಯಬಾರದು, ನಾನು ನಾನಾಗಿ ಪಾಠ ಮಾಡಬೇಕು ಅಂತ ಗಟ್ಟಿ ಮಾಡಿಕೊಂಡೆ. ಅವರ ಮಾತು ಉಳಿಯಬೇಕಿತ್ತು.

ಮರುದಿನ ಸಭಾಂಗಣದ ಮಧ್ಯದಲ್ಲಿ ಬೆಂಚು ಹಾಕಿ ಮಕ್ಕಳನ್ನು ಕೂರಿಸಿದ್ದರು. ಸುತ್ತಲೂ ಮೇಷ್ಟ್ರುಗಳು, ಮುಂದಿನ ಸಾಲಿನಲ್ಲಿ ಮೇಡಂ. ನಾನು ಬಾಗಿಲಿನಿಂದ ಒಳಗೆ ಬಂದೆ. ಬರುವ ಮೊದಲು ಶೂ ಬಿಚ್ಚಿದ್ದೆ.

ದಿನಾ ನಮ್ಮ ಶಾಲೆಯಲ್ಲಿ ಬಿಚ್ಚುತ್ತಿದ್ದೆ. ಬಿಚ್ಚುತ್ತಿದ್ದೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಶಿಡ್ಲಘಟ್ಟದ ಹಿರಿಯ ಮೇಷ್ಟ್ರೊಬ್ಬರು ಮೊದಲು ಕಿಸಕ್ಕೆಂದರು. ಮೇಡಂ ವರ್ಷಗಳ ಹಿಂದೆ ಇಂಥ ತರಬೇತಿಗಳಲ್ಲಿ ಎಷ್ಟೋ ಮಾದರಿ ಪಾಠ ಮಾಡಿದ್ದರು, ಹಿರಿಯರಿಗೆಲ್ಲ ಅವರ ರೀತಿ ಗೊತ್ತಿತ್ತು. ಆ ಶಿಡ್ಲಘಟ್ಟದವರು ಪಕ್ಕದವರ ಕಿವಿಯಲ್ಲಿ ಹೇಳಿದರು, ಪಕ್ಕದವರು ಆಚೆಯವರಿಗೆ ಹೇಳಿದರು. ನಾನು ನನ್ನ ಸಾಕ್ಸ್ ನೋಡಿಕೊಂಡೆ. ಹೆಬ್ಬೆರಳು ತೂತಿನಿಂದ ಹೊರಗೆ ಇಣುಕುತ್ತಿತ್ತು. ಓ, ಇದಕ್ಕೆ ನಗುತ್ತಿದ್ದಾರೆ ಅಂದುಕೊಂಡು ಬೆರಳು ಮಡಿಸಿಕೊಂಡೆ.

ಮಕ್ಕಳಿಗೆ, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು, ಎದ್ದು ಏನು ಮಾಡುತ್ತಾರೆ ಅಂತ ಇಂಗ್ಲಿಷಿನಲ್ಲಿ ಕೇಳಿ ಬೆನ್ನು ತಿರುಗಿಸಿ ನಿಂತೆ. ಕೈ ಹಿಂದೆ ಕಟ್ಟಿದೆ. ಇಡೀ ಸಭೆ ಬಿದ್ದುಬಿದ್ದು ನಕ್ಕಿತು. ಅಂಗಿ ಹಿಂದೆ ಹರಿದಿದೆಯೇನೋ ಅಂತ ನಾನು ಬೆನ್ನ ಮೇಲೆ ಕೈಯಾಡಿಸಿದೆ. ಇನ್ನೂ ನಕ್ಕರು. ಸಿಳ್ಳೆ ಬಿತ್ತು.

ಆ ಗಲಾಟೆಯ ನಡುವೆಯೂ ಒಬ್ಬಳು ಹುಡುಗಿ ಎದ್ದಳು. ಅವಳಿಗೆ ನಮ್ಮ ಯಾರ ಪರಿಚಯವೂ ಇಲ್ಲ, ಯಾಕೆ ನಗುತ್ತಿದ್ದಾರೆ ಅಂತಲೂ ಗೊತ್ತಿಲ್ಲ. ಪ್ರಶ್ನೆ ಕೇಳಿದ್ದಾರೆ, ಮೇಷ್ಟ್ರು ಕಾಯುತ್ತಿದ್ದಾರೆ, ಅಷ್ಟೇ ಗೊತ್ತು. ನಮ್ಮಮ್ಮ ಮೊದಲು ಏಳುತ್ತಾಳೆ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಆಮೇಲೆ ನಮಗೆ ಹಾಲು ಕಾಯಿಸುತ್ತಾಳೆ ಅಂತ ತಡವರಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದಳು. ನಾನು ತಿರುಗಿದೆ. ಕಣ್ಣು ಮುಚ್ಚಿದೆ. ಅಷ್ಟು ರುಚಿಯಾದ ವಾಕ್ಯ ನಾನು ಕೇಳಿರಲಿಲ್ಲ. ನನ್ನ ಬಾಯಿ ತಾನಾಗಿಯೇ ಚಪ್ಪರಿಸಿತು.

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕಣ್ಣು ಬಿಟ್ಟಾಗ ಎದುರಿಗೆ ಫೋನುಗಳು. ಫೋನುಗಳ ಕೆಳಗೆ ಮೇಡಂ ಮುಖ. ಆಗ ತಿಳಿಯಿತು, ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆ ಅಂತ. ಕನ್ನಡಿ ಮುಂದೆ ಒಂದು ದಿನವೂ ಬರದಿದ್ದ ಮೇಡಂ ನಾನು ಪಾಠ ಮಾಡುವಾಗೆಲ್ಲ ನನ್ನ ಮೈಮೇಲೆ ಇದ್ದರು. ನಾನೇ ಕಟ್ಟಿಕೊಂಡೆ ಅಂತ ಉಬ್ಬಿದ್ದ ಪಾಠದಲ್ಲಿ ನನ್ನದು ಅನ್ನುವುದು ಆ ತೂತು ಸಾಕ್ಸ್ ಮಾತ್ರ.

ಸಂಪನ್ಮೂಲ ವ್ಯಕ್ತಿ ಮೇಜು ಬಡಿದರು. "ಇದು ಮಾದರಿ ಪಾಠನಾ, ಮಿಮಿಕ್ರಿನಾ?"

ಪಾಠ ಸಾರ್, ಅಂದಿದ್ದರೆ ಮುಗಿಯುತ್ತಿತ್ತು. ಮೇಡಂ ಮಾತು ಉಳಿಯುತ್ತಿತ್ತು. ಆದರೆ ಅದರ ಜತೆಗೆ, ಇವನಿಗೆ ಸ್ವಂತದ್ದು ಏನೂ ಇಲ್ಲ, ಪಾಠವನ್ನೂ ಇನ್ನೊಬ್ಬರನ್ನು ನೋಡಿ ಮಾಡುತ್ತಾನೆ ಅಂತ ನಾಲ್ಕು ತಾಲ್ಲೂಕಿಗೆ ಗೊತ್ತಾಗುತ್ತಿತ್ತು. ನಾನು ಹಲ್ಲು ಕಿಸಿದೆ. ಎರಡೂ ಕೈ ಜೋಡಿಸಿ, ಮದುವೆ ಮನೆಗಳಲ್ಲಿ ಐಟಂ ಮುಗಿಸಿದ ಮೇಲೆ ಮಾಡುವ ಹಾಗೆ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಇನ್ನೊಂದು ಸಲ ಚಪ್ಪಾಳೆ ಬಿತ್ತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಮೇಡಂ ಕೂಡ ಸ್ವಲ್ಪ ನಕ್ಕರು.

ಹುಡುಗಿ ಇನ್ನೂ ನಿಂತೇ ಇದ್ದಳು. "ಸಾರ್, ಕರೆಕ್ಟಾ?" ಅಂದಳು. ಅವಳಿಗೆ ಯಾರೂ ಉತ್ತರ ಹೇಳಲಿಲ್ಲ.

ಟೀ ಹೊತ್ತಿನಲ್ಲಿ ಎಲ್ಲರೂ ಮೇಡಂ ಮತ್ತು ನನ್ನ ಸುತ್ತ ಸೇರಿದ್ದರು. ಮೇಡಂ ಟೀ ಲೋಟ ಹಿಡಿದುಕೊಂಡು, ನಿಜವಾಗಿಯೂ ತಿಳಿಯಬೇಕು ಅನ್ನುವ ಹಾಗೆ ಕೇಳಿದರು.

"ನಾನು ಅಷ್ಟೊಂದು ಬಾಯಿ ಚಪ್ಪರಿಸ್ತೀನೇನಪ್ಪ?"

"ಇದಕ್ಕಿಂತ ಜಾಸ್ತಿ ಮೇಡಂ. ನಾನು ಕಮ್ಮಿ ಮಾಡಿದ್ದು" ಅಂದೆ. ನಾಲಿಗೆಗೆ ರೂಢಿ, ನನ್ನನ್ನು ಕೇಳುವುದಿಲ್ಲ. ಸುತ್ತ ನಿಂತವರು ಟೀ ಚೆಲ್ಲಿಕೊಂಡು ನಕ್ಕರು.

"ಅಂತೂ ನನ್ನದು ಸಿಕ್ತು ನಿನಗೆ."

"ಸಿಕ್ತು ಮೇಡಂ."

ಆಮೇಲೆ ಲೋಟ ಇಡಲು ಹೋದಾಗ ನನಗೊಬ್ಬನಿಗೇ ಕೇಳುವ ಹಾಗೆ, "ನಾನು ಜವಾಬ್ದಾರಿ ಅಂತ ಹೇಳಿದ್ನಲ್ಲಪ್ಪ. ಇನ್ನೊಂದು ದಿನ ಮಾಡಬೋದಾಗಿತ್ತು" ಅಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಬೈದದ್ದು ಅಂತ ಇದ್ದರೆ ಅದೇ.

ಸಂಜೆಯೊಳಗೆ ವಿಡಿಯೊ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಬಂತು. ನಗುವ ಮುಖಗಳ ಸಾಲು ನಿಲ್ಲಲೇ ಇಲ್ಲ. ಆ ಗುಂಪಿನಲ್ಲಿ ಮೇಡಂ ಕೂಡ ಇದ್ದರು. ಇದು ಮಿಮಿಕ್ರಿ ಅಲ್ಲ ಅಂತ ಒಂದು ಸಾಲು ಟೈಪ್ ಮಾಡಿದೆ, ಅಳಿಸಿದೆ. ಕೊನೆಗೆ ಎಲ್ಲರಿಗೂ ಧನ್ಯವಾದಗಳು ಅಂತ ಹಾಕಿ, ಪಕ್ಕದಲ್ಲಿ ಕೈ ಮುಗಿಯುವ ಚಿತ್ರ ಅಂಟಿಸಿದೆ.

ವಿಷಯ ಅಲ್ಲಿಗೇ ನಿಂತಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಮುಂದಿನ ವಾರ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಪಕ್ಕದ ಕೋಣೆಯಿಂದ ಟಪ್ ಟಪ್ ಅಂತ ಸದ್ದು ಬಂತು. ಯಾರೋ ಇನ್‌ಸ್ಪೆಕ್ಷನ್ನಿಗೆ ಬಂದಿದ್ದಾರೆ ಅಂದುಕೊಂಡು ಇಣುಕಿದೆ. ಮೇಡಂ. ಚಪ್ಪಲಿ ಹಾಕಿಕೊಂಡು ಪಾಠ ಮಾಡುತ್ತಿದ್ದರು.

ಮೇಜಿನ ಹಿಂದೆ ನಿಂತಿದ್ದರು. ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದಿದ್ದರು. ಪ್ರಶ್ನೆ ಕೇಳಿದರು, ಮಕ್ಕಳ ಮುಖ ನೋಡುತ್ತಲೇ ನಿಂತರು. ತಿರುಗಲು ಹೋಗಿ ಅರ್ಧಕ್ಕೆ ತಡೆದುಕೊಂಡರು. ಮಕ್ಕಳು ಅವರ ಮುಖವನ್ನೇ ನೋಡುತ್ತಾ, ಅಲ್ಲಿ ಏನೂ ಸಿಗದೆ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿಗೆ ಮೇಡಂ ತಾವೇ ಉತ್ತರ ಹೇಳಿ, ಬರೆದುಕೊಳ್ಳಿ ಅಂದರು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಧೈರ್ಯ ಮಾಡಿ ಎದ್ದು ತನ್ನದೊಂದು ವಾಕ್ಯ ಹೇಳಿ, "ಮೇಡಂ, ಉಪ್ಪು ನೋಡಿ" ಅಂದಳು. ಮೇಡಂ ಕೈ ಬಾಯಿಯ ಹತ್ತಿರ ಹೋಯಿತು. ಚಪ್ಪರಿಸಲು ಅಲ್ಲ. ತುಟಿ ಮುಚ್ಚಿಕೊಳ್ಳಲು.

"ಸರಿಯಾಗಿದೆ, ಕೂತ್ಕೋಮ್ಮ" ಅಂದರು.

ಆ ತಿಂಗಳ ಉಳಿದ ದಿನಗಳಲ್ಲಿ ಅವರ ಪಾಠಗಳು ಹೊತ್ತಿಗೆ ಸರಿಯಾಗಿ ಮುಗಿದವು. ಹೆಡ್‌ಮಾಷ್ಟ್ರು, "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ" ಅಂತ ಸಭೆಯಲ್ಲಿ ಹೊಗಳಿದರು. ನಾನು ಪಕ್ಕದ ಕೋಣೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದೆ. ಬೆನ್ನು ತಿರುಗಿಸುತ್ತಿದ್ದೆ, ಚಪ್ಪರಿಸುತ್ತಿದ್ದೆ, ಇನ್ನೊಂದು ಸೌಟು ಕೇಳುತ್ತಿದ್ದೆ. ಬಿಡಲು ನೋಡಿದೆ, ಬಿಟ್ಟರೆ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಗೋಡೆಯ ಆ ಕಡೆ ಅವರು ತಮ್ಮದನ್ನು ಬಿಟ್ಟಿದ್ದರು, ಈ ಕಡೆ ನಾನು ಅದನ್ನು ಉಂಡು ಕೊಬ್ಬುತ್ತಿದ್ದೆ. ನನ್ನ ತರಗತಿಯ ನಗು ಗೋಡೆಯಾಚೆ ಕೇಳುತ್ತದೆ ಅಂತ ಗೊತ್ತಿದ್ದರಿಂದ ಮಕ್ಕಳಿಗೆ ಮೆಲ್ಲಗೆ ನಗಿ ಅನ್ನುತ್ತಿದ್ದೆ.

ಅವರ ಕೊನೆಯ ವಾರದಲ್ಲಿ ಒಂದು ಸಂಜೆ ಪೆರೇಸಂದ್ರದ ಹೆದ್ದಾರಿಯಲ್ಲಿ ಅವರು ಚಿಕ್ಕಬಳ್ಳಾಪುರದ ಬಸ್ಸಿಗೆ ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು.

"ಮೇಡಂ, ಅವತ್ತು ನಾನು ಮಿಮಿಕ್ರಿ ಮಾಡ್ಲಿಲ್ಲ."

"ಹೂಂ?"

"ಪಾಠ ಮಾಡಿದ್ದು. ನಿಜವಾಗ್ಲೂ ಪಾಠ. ನಿಮ್ಮ ಕ್ಲಾಸಲ್ಲಿ ಕೂತು ಕೂತು ನಂಗೆ ಅದೇ ಬಂದ್ಬಿಟ್ಟಿದೆ. ಬೇರೆ ಥರಾ ಪಾಠ ಮಾಡೋಕೆ ನಂಗೆ ಬರೋದೇ ಇಲ್ಲ ಮೇಡಂ. ಅಲ್ಲಿ ಹೇಳೋಕೆ ನಾಚಿಕೆ ಆಯ್ತು. ನೀವು ಮೊದಲಿನ ಥರಾನೇ ಮಾಡಿ. ಇನ್ನು ಸ್ವಲ್ಪ ದಿನ ಇದೆ. ಕ್ಲಾಸಿಗೆ ಚಪ್ಪಲಿ ಹಾಕ್ಕೊಂಡು ಹೋಗ್ಬೇಡಿ."

ನನ್ನ ದನಿ ನಡುಗುತ್ತಿತ್ತು. ವಾಕ್ಯಗಳ ಕೊನೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಾಗೆ ನಾನು ಯಾರ ಎದುರಿಗೂ ಮಾತಾಡಿದವನಲ್ಲ. ಲಾರಿಯೊಂದು ಹಾದುಹೋಯಿತು. ಮೇಡಂ ತಲೆ ವಾಲಿಸಿ ಪೂರ್ತಿ ಕೇಳಿಸಿಕೊಂಡರು. ಅವರ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು. ಬಹಳ ದಿನಗಳಿಂದ ಕಾಣದಿದ್ದ ನಗು.

"ಇದು ಯಾರದಪ್ಪ?"

"ಏನು ಮೇಡಂ?"

"ಈ ದನಿ. ಗುರುತೇ ಸಿಗ್ತಿಲ್ಲ ನೋಡು. ಹೆಡ್‌ಮಾಷ್ಟ್ರದಲ್ಲ. ಗಣಿತದವ್ರದಾ?"

"ಅಯ್ಯೋ, ನಂದೇ ಮೇಡಂ."

"ಹೋಗೋ. ನಿಂದು ನಂಗೆ ಗೊತ್ತಿಲ್ವಾ? ಇರು, ಹೇಳ್ಬೇಡ. ನಾನೇ ಕಂಡುಹಿಡೀತೀನಿ."

ಬಸ್ಸು ಬಂತು. ಅವರು ಎಲ್ಲರನ್ನೂ ತಳ್ಳಿಕೊಂಡು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದರು. ಗಾಜು ಸರಿಸಿ, ಗೆದ್ದವರ ಹಾಗೆ ತಲೆ ಹೊರಗೆ ಹಾಕಿದರು.

"ಗೊತ್ತಾಯ್ತು ಬಿಡು. ಟ್ರೈನಿಂಗಲ್ಲಿ ನನ್ನ ಪಕ್ಕದಲ್ಲಿ ಕೂತಿದ್ರಲ್ಲ, ಆ ಚಿಂತಾಮಣಿ ಮೇಷ್ಟ್ರದು. ಹೌದಾ, ಅಲ್ವಾ?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಅವರು 'ಹೇಳು' ಅನ್ನುವ ಹಾಗೆ ಕೈಯಾಡಿಸುತ್ತಲೇ ಇದ್ದರು.

ನಾನು ಹೌದು ಅಂತ ತಲೆಯಾಡಿಸಿದೆ.